ಕಾರಿನ ಫ್ಯೂಸ್ ಡಬ್ಬಿ, ಟೆಸ್ಟ್ ಲ್ಯಾಂಪ್: ನಾಲ್ಕು ಮಳೆಗಾಲ ಬಳಸಿದ ಮೇಲೆ

ನಾಲ್ಕು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ 120 ಫ್ಯೂಸ್‌ಗಳ ಒಂದು ಡಬ್ಬಿ ತರಿಸಿದೆ. ಜೊತೆಗೆ ಫ್ಯೂಸ್ ಕೀಳುವ ಪುಟ್ಟ ಪ್ಲಾಸ್ಟಿಕ್ ಚಿಮಟ ಬಂತು. ಅದೇ ವಾರ ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಟೆಸ್ಟ್ ಲ್ಯಾಂಪ್ ಕೊಂಡೆ, ಅಂದರೆ ಕರೆಂಟ್ ಇದೆಯೇ ಎಂದು ಬೆಳಗಿ ತೋರಿಸುವ, ಚೂಪು ಮೊನೆ ಮತ್ತು ಕ್ಲಿಪ್ ಇರುವ ಪುಟ್ಟ ದೀಪ. ನಮ್ಮದು ತೀರ್ಥಹಳ್ಳಿ ಕಡೆ, ಕಾರಿಗೆ ಈಗ 11 ವರ್ಷ. ಇಲ್ಲಿನ ಮಳೆಗೆ ವೈರಿಂಗ್ ತೊಂದರೆ ತಪ್ಪಿದ್ದಲ್ಲ.

ಮೊದಲು ಟೆಸ್ಟ್ ಲ್ಯಾಂಪ್. ಇದಕ್ಕೆ ಪೂರ್ತಿ ಅಂಕ. ಕ್ಲಿಪ್ಪನ್ನು ಬಾಡಿಯ ಬಣ್ಣವಿಲ್ಲದ ಲೋಹಕ್ಕೆ ಸಿಕ್ಕಿಸಿ, ಕೀ ಆನ್ ಮಾಡಿ, ಮೊನೆಯನ್ನು ಫ್ಯೂಸ್‌ನ ತಲೆ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳಿಗೆ ಒಂದೊಂದಾಗಿ ಮುಟ್ಟಿಸಬೇಕು. ಎರಡೂ ಕಡೆ ಬೆಳಗಿದರೆ ಫ್ಯೂಸ್ ಸರಿ ಇದೆ. ಒಂದೇ ಕಡೆ ಬೆಳಗಿದರೆ ಹೋಗಿದೆ. ಎರಡೂ ಕಡೆ ಇಲ್ಲವೆಂದರೆ ಅಲ್ಲಿಗೆ ಕರೆಂಟೇ ಬರುತ್ತಿಲ್ಲ. ಒಂದೊಂದನ್ನೂ ಕಿತ್ತು ಬೆಳಕಿಗೆ ಹಿಡಿದು ನೋಡುವ ಕೆಲಸವೇ ಇಲ್ಲ. ಆದರೆ ಏರ್‌ಬ್ಯಾಗ್‌ನ ಹಳದಿ ಕನೆಕ್ಟರ್‌ಗೆ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ವೈರ್‌ಗಳಿಗೆ ದಯವಿಟ್ಟು ಇದನ್ನು ಮುಟ್ಟಿಸಬೇಡಿ.

ಒಂದು ಜುಲೈ ಸಂಜೆ ಆಗುಂಬೆ ಘಾಟಿ ಇಳಿಯುವಾಗ ವೈಪರ್ ನಿಂತುಹೋಯಿತು. ಎದುರಿಗೆ ಏನೂ ಕಾಣದು. ಅಗಲವಾದ ಜಾಗ ನೋಡಿ ನಿಲ್ಲಿಸಿದೆ. ಕಾರಿನ ಫ್ಯೂಸ್ ಬಾಕ್ಸ್ ಮುಚ್ಚಳದ ಒಳಗಿನ ಚಿತ್ರ ನೋಡಿ ವೈಪರ್ ಫ್ಯೂಸ್ ಹುಡುಕಿ ಅಷ್ಟೇ ಆಂಪಿಯರ್‌ನದು ಹಾಕಿದೆ, ವೈಪರ್ ಓಡಿತು. ಮಾರನೇ ದಿನ ಅದೂ ಹೋಯಿತು. ಬಿಚ್ಚಿಸಿದಾಗ ವೈಪರ್ ಲಿಂಕೇಜ್ (ಮೋಟಾರ್‌ನಿಂದ ವೈಪರ್‌ಗೆ ಹೋಗುವ ಸರಳುಗಳು) ತುಕ್ಕು ಹಿಡಿದು ಬಿಗಿಯಾಗಿತ್ತು, ಮೋಟಾರ್ ಒದ್ದಾಡಿ ಜಾಸ್ತಿ ಕರೆಂಟ್ ಎಳೆಯುತ್ತಿತ್ತು. ಎರಡನೇ ಸಲವೂ ಅದೇ ಫ್ಯೂಸ್ ಹೋದರೆ ಮೂರನೆಯದು ಹಾಕುವ ಮೊದಲು ಕಾರಣ ಹುಡುಕಿ.

ಈಗ ಆ 120ರ ಡಬ್ಬಿ. ಬಣ್ಣಗಳು ಸರಿಯಾಗಿದ್ದವು: 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಆದರೆ ಕಾಲುಗಳು ತೆಳ್ಳಗೆ. ಟಯರ್‌ಗೆ ಗಾಳಿ ಹಾಕುವ ಪಂಪನ್ನು 12 ವೋಲ್ಟ್ ಸಾಕೆಟ್‌ಗೆ ಹಾಕಿ ಹತ್ತು ನಿಮಿಷ ಓಡಿಸಿದೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ನೀಲಿ ಫ್ಯೂಸ್ ಕರಗಿ ಸೊಟ್ಟಗಾಗಿತ್ತು, ಒಳಗಿನ ತಂತಿ ಮಾತ್ರ ಹಾಗೇ ಇತ್ತು! ಕಾಲು ಬಿಗಿಯಾಗಿ ಕೂರದಿದ್ದರೆ ಬಿಸಿ ಹುಟ್ಟುವುದು ಆ ಸಡಿಲ ಜಾಗದಲ್ಲಿ. ಕರೆಂಟ್ ಮಿತಿ ದಾಟದೆ ತಂತಿ ಏಕೆ ಕಡಿಯುತ್ತದೆ, ಅಲ್ವಾ? ಫ್ಯೂಸ್ ಬಾಕ್ಸ್‌ನ ಟರ್ಮಿನಲ್ಲೇ ಬದಲಿಸಬೇಕಾಯಿತು. ಡಬ್ಬಿಯ ಫ್ಯೂಸ್‌ಗಳನ್ನೆಲ್ಲ ಎಸೆದೆ, ಚಿಮಟ ಇಟ್ಟುಕೊಂಡೆ. ಈಗ ಕಂಪನಿ ಹೆಸರು ಅಚ್ಚಾದ ಹತ್ತು ಫ್ಯೂಸ್ ಮಾತ್ರ ಇವೆ, ಎಲ್ಲವೂ ನನ್ನ ಕಾರಿಗೆ ಬೇಕಾದ ಅಳತೆಯವು.

ರಿಲೇ ವಿಷಯವೂ ಹೇಳಬೇಕು, ಅಂದರೆ ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್. ಹಾರ್ನ್ ನಿಂತಾಗ ಫ್ಯೂಸ್ ಸರಿ ಇತ್ತು, ಒತ್ತಿದರೆ ರಿಲೇ ಟಕ್ ಎನ್ನುತ್ತಿತ್ತು. ಟಕ್ ಎಂದರೆ ರಿಲೇಯ 85, 86 ನಂಬರಿನ ಕಾಲುಗಳ ನಡುವಿನ ಕಾಯಿಲ್ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ. ಹಾರ್ನ್‌ಗೆ ಕರೆಂಟ್ ಹೋಗುವುದು 30 ಮತ್ತು 87ರ ನಡುವೆ, ಅಲ್ಲಿ ಪಾಯಿಂಟ್ ಸುಟ್ಟಿರಬಹುದು. ಪಕ್ಕದಲ್ಲಿದ್ದ, ಅದೇ ಪಾರ್ಟ್ ನಂಬರ್‌ನ ಇನ್ನೊಂದು ರಿಲೇ ಹಾಕಿ ನೋಡಿದೆ, ಹಾರ್ನ್ ಕೂಗಿತು. ಕಾಲುಗಳ ಸಂಖ್ಯೆ ಒಂದೇ ಇದೆ ಎಂದು ಮಾತ್ರ ಅದಲುಬದಲು ಮಾಡಬೇಡಿ, ಒಳಗಿನ ಜೋಡಣೆ ಬೇರೆ ಇರಬಹುದು. ಪ್ರತಿ ಮಳೆಗಾಲ ಮುಗಿದ ಮೇಲೆ ಬ್ಯಾಟರಿ ನೆಗೆಟಿವ್ ಬಿಚ್ಚಿ, ರಿಲೇಗಳನ್ನು ಕಿತ್ತು, ಕಾಲಿಗೆ ಹಿಡಿದ ಹಸಿರು ಕಿಲುಬನ್ನು ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಒರೆಸುತ್ತೇನೆ. ಅರ್ಧ ಗಂಟೆ ಸಾಕು.

ಒಮ್ಮೆ 100 ವ್ಯಾಟ್ ಹೆಡ್‌ಲೈಟ್ ಹಾಕಿಸಲು ಹೋಗಿದ್ದೆ. "ಫ್ಯೂಸ್ ಹೋದ್ರೆ ದೊಡ್ಡದು ಹಾಕಿ ಸಾರ್" ಎಂದರು ಅಂಗಡಿಯವರು. 55 ವ್ಯಾಟ್ ಬಲ್ಬ್ 12 ವೋಲ್ಟ್‌ನಲ್ಲಿ ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ, 100 ವ್ಯಾಟ್‌ನದು ಎಂಟಕ್ಕೂ ಜಾಸ್ತಿ. ಫ್ಯೂಸ್ ಇರುವುದು ವೈರ್ ಕಾಯಲು. ದೊಡ್ಡ ಫ್ಯೂಸ್ ಹಾಕಿದರೆ ಮೊದಲು ಸುಡುವುದು ವೈರೇ. ಹಳೆ ಬಲ್ಬೇ ಇರಲಿ ಎಂದು ವಾಪಸ್ ಬಂದೆ.