ಗಿಟ್: ಹತ್ತು ವರ್ಷಗಳ ಬಳಕೆಯಲ್ಲಿ ಅದರ ನಿಧಾನಗತಿಯ ಬೆನ್ನುಹತ್ತಿದಾಗ

ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್‌ನ ಕೆಲಸಕ್ಕೆಂದು ಬರೆದ, ಕೋಡಿನ ಬದಲಾವಣೆಗಳ ಚರಿತ್ರೆ ಇಡುವ ತಂತ್ರಾಂಶವಾದ ಗಿಟ್‌ಗೆ ಮೊದಲಿನಿಂದಲೂ ವೇಗವೇ ಹೆಗ್ಗಳಿಕೆ. ಹತ್ತು ವರ್ಷಗಳಿಂದ ದಿನವೂ ಅದನ್ನು ಬಳಸುತ್ತಿರುವ ನಾನು, ಹಳೆಯದೊಂದು ರೆಪಾಸಿಟರಿಯಲ್ಲಿ (ಕೋಡು ಮತ್ತು ಅದರ ಚರಿತ್ರೆಯ ಸಂಗ್ರಹ), ಏನೇನು ಬದಲಾಗಿದೆ ಎಂದು ತೋರಿಸುವ 'ಗಿಟ್ ಸ್ಟೇಟಸ್' ಟೈಪಿಸಿ ಎಂಟು ಸೆಕೆಂಡು ಕಾಯುವಂತಾದಾಗ, ತಪ್ಪು ಗಿಟ್‌ನದೋ ಡಿಸ್ಕಿನದೋ ತಿಳಿಯದೆ, ಎಲ್ಲರೂ ಮಾಡುವಂತೆ ರೆಪಾಸಿಟರಿಯನ್ನು ಚೊಕ್ಕಟಗೊಳಿಸುವ 'ಗಿಟ್ ಜಿಸಿ' ಓಡಿಸಿದೆ. ರೆಪಾಸಿಟರಿಯ ಗಾತ್ರ ಕುಗ್ಗಿತೇ ಹೊರತು ಕಾಯುವುದು ತಪ್ಪಲಿಲ್ಲ.

ತಪ್ಪದಿರುವುದು ಸಹಜವೇ ಆಗಿತ್ತು. ಜಿಸಿ ಚರಿತ್ರೆಯನ್ನು ಹಿಡಿದಿಡುವ ಬಿಡಿ ಆಬ್ಜೆಕ್ಟ್‌ಗಳನ್ನು ಒಟ್ಟುಗೂಡಿಸಿ ಪ್ಯಾಕ್ ಮಾಡುತ್ತದೆ; ಸ್ಟೇಟಸ್ ಮಾತ್ರ ಗಿಟ್ ಗಮನಿಸುವ ಕಡತಗಳ ಪಟ್ಟಿಯಾದ ಇಂಡೆಕ್ಸ್‌ನಲ್ಲಿರುವ ಪ್ರತಿ ಕಡತದ ಗಾತ್ರವನ್ನೂ ಮಾರ್ಪಾಟಿನ ಸಮಯವನ್ನೂ ಆಪರೇಟಿಂಗ್ ಸಿಸ್ಟಮ್‌ನಿಂದ ಕೇಳಿ ಹೋಲಿಸಿ, ಆಮೇಲೆ ಹೊಸ ಕಡತಗಳನ್ನು ಹುಡುಕುತ್ತಾ ಫೋಲ್ಡರ್‌ಗಳನ್ನು ಸುತ್ತುತ್ತದೆ. ಇದರಲ್ಲಿ ಯಾವ ಹಂತ ಸಮಯ ತಿನ್ನುತ್ತಿದೆ ಎಂಬುದನ್ನು ಊಹಿಸುವ ಅಗತ್ಯವೇ ಇಲ್ಲ. 'ಗಿಟ್_ಟ್ರೇಸ್2_ಪರ್ಫ್' ಎಂಬ, ಕಮಾಂಡಿಗೆ ಹೊರಗಿನಿಂದ ಕೊಡುವ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ 1 ಕೊಟ್ಟು ಅದೇ ಕಮಾಂಡ್ ಓಡಿಸಿದರೆ, ಒಂದೊಂದು ಹಂತಕ್ಕೂ ಹಿಡಿದ ಸಮಯ ಪರದೆಯ ಮೇಲೆ ಸಾಲಾಗಿ ಬರುತ್ತದೆ. ನನ್ನಲ್ಲಿ ಇಂಡೆಕ್ಸ್ ಪರಿಶೀಲನೆ ಅರ್ಧ ಸೆಕೆಂಡಿಗೆ ಮುಗಿದಿತ್ತು. 'ಅನ್‌ಟ್ರ್ಯಾಕ್ಡ್' (ಗಿಟ್‌ಗೆ ಇನ್ನೂ ಸೇರಿಸದ ಕಡತಗಳು) ಎಂಬ ಸಾಲಿನೆದುರು ಏಳು ಸೆಕೆಂಡು ಕುಳಿತಿತ್ತು.

ಮೂಲ ಸಿಕ್ಕಿದ್ದು ಗಿಟ್ ಯಾವುದನ್ನು ಕಡೆಗಣಿಸಬೇಕೆಂದು ನಾನೇ ಬರೆದಿದ್ದ ಇಗ್ನೋರ್ ಕಡತದಲ್ಲಿ. ಕೋಡಿನಿಂದ ಪ್ರೋಗ್ರಾಂ ಕಟ್ಟುವಾಗ (ಬಿಲ್ಡ್) ತುಂಬುವ ಫೋಲ್ಡರಿನ ಹೆಸರನ್ನೇ ಕೊಡುವ ಬದಲು, ಅದರೊಳಗೆ ಹುಟ್ಟುವ ಕಡತಗಳ ವಿಸ್ತರಣೆಗಳನ್ನು (ಹೆಸರಿನ ಕೊನೆಯ ಚುಕ್ಕಿಯ ನಂತರದ ಭಾಗ) ಒಂದೊಂದಾಗಿ ನಮೂದಿಸಿದ್ದೆ. ಫೋಲ್ಡರಿನ ಹೆಸರಿದ್ದರೆ ಗಿಟ್ ಬಾಗಿಲಲ್ಲೇ ಹಿಂದಿರುಗುತ್ತದೆ. ವಿಸ್ತರಣೆ ಮಾತ್ರ ಇದ್ದರೆ ಒಳಹೊಕ್ಕು ಸಾವಿರಾರು ಕಡತಗಳನ್ನು ಒಂದೊಂದಾಗಿ ನಿಯಮಕ್ಕೆ ತಾಳೆ ಹಾಕಬೇಕಾಗುತ್ತದೆ. ಒಂದು ಸಾಲು ತಿದ್ದಿದ ಮೇಲೆ ಸ್ಟೇಟಸ್ ಒಂದು ಸೆಕೆಂಡಿನೊಳಗೆ ಬಂತು.

ಹುಡುಕಾಟ ತಡವಾದಾಗ, ಹೊಸ ಕಡತಗಳನ್ನು ಹುಡುಕದೆ ಬಿಡುವ '-ಯುನೋ' ಆಯ್ಕೆ ಬಳಸಿ ನೋಡಿ ಎಂದು ಗಿಟ್‌ನ ಹಳೆಯ ಆವೃತ್ತಿಗಳು ತಾವೇ ಸೂಚಿಸುತ್ತಿದ್ದವು. ಆ ಸಲಹೆಯನ್ನು ಕೆಲವು ದಿನ ಪಾಲಿಸಿ, ಹೊಸದಾಗಿ ಬರೆದ ಕಡತವೊಂದನ್ನು ಸೇರಿಸದೆಯೇ ಕಮಿಟ್ ಮಾಡಿ (ಬದಲಾವಣೆಯನ್ನು ಚರಿತ್ರೆಗೆ ದಾಖಲಿಸಿ), ಸಹೋದ್ಯೋಗಿಗಳ ಬಿಲ್ಡ್ ಮುರಿದವನು ನಾನು. ಎಚ್ಚರಿಕೆಯ ಮಾತೂ ಆ ಸಂದೇಶದಲ್ಲೇ ಇತ್ತು ಎನ್ನುವುದನ್ನು ಒಪ್ಪಲೇಬೇಕು.

ವಿಂಡೋಸ್ ಮತ್ತು ಮ್ಯಾಕ್ ಬಳಸುವವರಿಗೆ 2022ರ 2.37ನೇ ಆವೃತ್ತಿಯಿಂದ ಒಳಗೇ ಇರುವ 'ಎಫ್‌ಎಸ್‌ಮಾನಿಟರ್' ನಿಜಕ್ಕೂ ದೊಡ್ಡ ಅನುಕೂಲ: ಬದಲಾದ ಕಡತಗಳ ಲೆಕ್ಕವನ್ನು ಹಿನ್ನೆಲೆಯಲ್ಲೇ ಇಟ್ಟುಕೊಳ್ಳುವುದರಿಂದ ಎಲ್ಲವನ್ನೂ ಮತ್ತೆ ಮುಟ್ಟಿ ನೋಡಬೇಕಾಗಿಲ್ಲ. ಕಮಿಟ್‌ಗಳ ಪಟ್ಟಿ ತೋರಿಸುವ 'ಗಿಟ್ ಲಾಗ್' ತೆವಳುತ್ತಿದ್ದರೆ ಮದ್ದು ಬೇರೆ, ಅದಕ್ಕೆ ಕಮಿಟ್‌ಗಳ ನಂಟನ್ನು ಮೊದಲೇ ಲೆಕ್ಕಹಾಕಿಡುವ ಕಮಿಟ್‌ಗ್ರಾಫ್ ಬರೆಸಬೇಕು. ಕ್ಲೋನ್ (ಇಡೀ ರೆಪಾಸಿಟರಿಯ ನಕಲು ತರುವುದು) ನಿಧಾನವಾದರೆ ಚರಿತ್ರೆಯಲ್ಲಿ ಹೂತಿರುವ ದೊಡ್ಡ ಬೈನರಿಗಳನ್ನು (ಚಿತ್ರ, ವೀಡಿಯೊದಂಥ ಪಠ್ಯವಲ್ಲದ ಕಡತಗಳು) ಸಂಶಯಿಸಬೇಕು; ಅವನ್ನು ಇಂದು ಅಳಿಸಿ ಕಮಿಟ್ ಮಾಡಿದರೂ ಹಳೆಯ ಕಮಿಟ್‌ಗಳಲ್ಲಿ ಉಳಿದೇ ಇರುತ್ತವೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಅಳೆಯುವ ಸಾಧನ ಇಷ್ಟು ಸೊಗಸಾಗಿದ್ದೂ, ಅದು ಇದೆ ಎಂಬುದು ನನಗೆ ತಿಳಿಯಲು ಏಳು ವರ್ಷ ಹಿಡಿಯಿತು. ಕಳೆದ ಅಂಕ ಅದಕ್ಕೆ.