ಪದ್ಮಿನಿನಾ, ಅಂಬಾಸಿಡರಾ? ಹಳೇ ಕಾರ್ ರಿಪೇರಿ ಹುಚ್ಚು ಇರೋರಿಗೆ

ಮನೆ ಮುಂದೆ ಒಂದು ಹಳೇ ಕಾರ್ ನಿಲ್ಲಿಸ್ಕೊಂಡು ನಾಲ್ಕೈದು ವರ್ಷ ಭಾನುವಾರಗಳನ್ನೆಲ್ಲಾ ಅದಕ್ಕೇ ಸುರಿಯೋ ಆಸೆ ಇದ್ರೆ ನಮ್ ಕಡೆ ಆಯ್ಕೆ ಬಂದು ನಿಲ್ಲೋದು ಈ ಎರಡರ ಮೇಲೇನೇ.

ಪದ್ಮಿನಿ ಅಂದ್ರೆ ಫಿಯೆಟ್ 1100ರ ದೇಸಿ ರೂಪ, 1089 ಸಿಸಿ ಇಂಜಿನ್, ಚಿಕ್ಕದು, ಹಗುರ, ಸಣ್ಣ ಶೆಡ್ಡಲ್ಲೂ ಹಿಡಿಯತ್ತೆ, ಒಬ್ರೇ ಕೆಲ್ಸ ಮಾಡ್ಕೋಬಹುದು. ಅಂಬಾಸಿಡರ್ ಮಾರಿಸ್ ಆಕ್ಸ್‌ಫರ್ಡಿಂದ ಬಂದಿದ್ದು, 1958ರಿಂದ 2014ರ ತನಕ ತಯಾರಾಯ್ತು, ಅದಕ್ಕೇ ಬಿಡಿಭಾಗ ಹುಡುಕೋದು ಸ್ವಲ್ಪ ಸಲೀಸು. ಬೆಂಗಳೂರಿನ ಜೆ.ಸಿ. ರೋಡಲ್ಲಿ ಒಂದಿನ ಸುತ್ತಿದ್ರೆ ಎರಡಕ್ಕೂ ಏನಾದ್ರೂ ಸಿಗತ್ತೆ ಬಿಡಿ, ಆದ್ರೆ ಪದ್ಮಿನಿ ಬೀಡಿಂಗು (ಗಾಜು, ಬಾಗಿಲಿನ ಸುತ್ತ ಇರೋ ರಬ್ಬರ್ ಪಟ್ಟಿ), ಕ್ರೋಮ್ ಪಟ್ಟಿ, ಮೀಟರ್ ಅಂತ ಹೊರಟ್ರೆ ಚಪ್ಪಲಿ ಸವೆಯತ್ತೆ.

ನಿಜವಾದ ತಲೆನೋವು ಇಂಜಿನ್ ಅಲ್ಲ, ತುಕ್ಕು. ಎರಡಕ್ಕೂ ಬೇರೆ ಚಾಸಿ ಇಲ್ಲ, ಬಾಡಿನೇ ಭಾರ ಹೊರೋದು, ಹಾಗಾಗಿ ಫ್ಲೋರ್ ತೂತು ಬಿದ್ದಿದ್ರೆ ಬರೀ ಪುಟ್ಟಿ ಮೆತ್ತಿ ಪೇಂಟ್ ಹೊಡ್ದ್ರೆ ಆಗಲ್ಲ, ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸ್ಲೇಬೇಕು. ಮಂಗಳೂರು, ಕಾರವಾರದ ಕಡೆ ಗಾಡಿ ಆದ್ರೆ ಮ್ಯಾಟ್ ಎತ್ತಿ ನೋಡ್ದೆ ಅಡ್ವಾನ್ಸ್ ಕೊಡ್ಬೇಡಿ. (ನಾನು ಕೊಟ್ಟಿದ್ದೆ, ಕೇಳ್ಬೇಡಿ.)

ದಿನಾ ಓಡಿಸೋ ಯೋಚನೆ ಇದ್ರೆ ಇಸುಝು (ಜಪಾನ್ ಕಂಪನಿ) ಇಂಜಿನ್ ಇರೋ ಆಮೇಲಿನ ಅಂಬಾಸಿಡರ್ ತಗೊಳ್ಳಿ. ಸ್ಟೇರಿಂಗ್ ಪಕ್ಕದ ಗೇರು ಹಾಕೋ ಮಜಾನೇ ಮುಖ್ಯ ಅಂದ್ರೆ ಪದ್ಮಿನಿ, ನನ್ ಓಟು ಅದಕ್ಕೇ. ಯಾವ್ದೇ ಆದ್ರೂ ಆರ್‌ಸಿ ಚಾಲ್ತಿಲಿದ್ಯಾ ಅಂತ ಮೊದ್ಲು ನೋಡಿ, ವಿಂಟೇಜ್ ರಿಜಿಸ್ಟ್ರೇಷನ್ ಬೇಕಂದ್ರೆ ಗಾಡಿಗೆ 50 ವರ್ಷ ದಾಟಿರ್ಬೇಕು.