ಒದ್ದೆ ಮಾಡಿ ಕತ್ತರಿಸಿ, ಟಾಂಗ್ ಸುತ್ತಿ ಕಳಿಸಿಬಿಟ್ರು. ಅಲೆ ಕೂದಲಿನವರು ದಯವಿಟ್ಟು ಓದಿ

ಇದನ್ನ ಬರೀಬೇಕೋ ಬೇಡ್ವೋ ಅಂತ ನಾಲ್ಕು ದಿನ ಒದ್ದಾಡಿದೀನಿ. ನಾಚಿಕೆ ಆಗ್ತಿತ್ತು. ಒಂದು ಹೇರ್‌ಕಟ್‌ಗೆ ಇಷ್ಟೊಂದು ಅಳ್ತಾರಾ ಅಂತ ಮನೇಲಿ ಎಲ್ಲರ ಕೈಲೂ ಅನ್ನಿಸ್ಕೊಂಡಾಯ್ತು. ಆದ್ರೂ ಬರೀತಿದೀನಿ, ಯಾಕೆ ಅಂತ ಕೊನೇಲಿ ಹೇಳ್ತೀನಿ.

ನನ್ನದು ಅಲೆ ಅಲೆ ಕೂದಲು. ಪೂರ್ತಿ ಗುಂಗುರೂ ಅಲ್ಲ, ನೆಟ್ಟಗೂ ಇಲ್ಲ. ನೆತ್ತಿ ಹತ್ರ ಚಪ್ಪಟೆ, ಕಿವಿಯಿಂದ ಕೆಳಗೆ ಎಸ್ ಥರ ತಿರುಗುತ್ತೆ, ಅಲೆ ಎಷ್ಟಿದೆ ಅಂತ 2ಎ 2ಬಿ 2ಸಿ ಟೈಪ್ ಹೇಳ್ತಾರಲ್ಲ, ಅದ್ರಲ್ಲಿ ನಡುವಿನ 2ಬಿ. ಅರ್ಧ ಬೆನ್ನಿನವರೆಗೂ ಇತ್ತು. ಭುಜದ ಮಟ್ಟಕ್ಕೆ ಕಟ್ ಮಾಡಿಸಿ ಅಲೆ ಹಾಗೇ ಬಿಟ್ಕೊಳ್ಳೋಣ ಅಂತ ಎಷ್ಟೋ ದಿನದ ಆಸೆ, ಫೋನಲ್ಲಿ ಒಂದು ಫೋಟೋ ಸೇವ್ ಮಾಡಿ ಇಟ್ಕೊಂಡಿದ್ದೆ.

ಪಾರ್ಲರ್‌ನಲ್ಲಿ ಕೂತ ತಕ್ಷಣ ಬಿಡಿಸಿ ಹೇಳಿದೀನಿ. ಒಣಗಿದ ಮೇಲೆ ಭುಜ ಮುಟ್ಟಬೇಕು, ನಾನು ದಿನಾ ಟಾಂಗ್ (ಬಿಸಿ ಮಾಡಿ ಕೂದಲು ಸುತ್ತೋ ಕಡ್ಡಿ) ಹಾಕೋಳಲ್ಲ, ತೊಳೆದು ಹಾಗೇ ಒಣಗಿಸ್ಕೊಳ್ಳೋಳು ಅಂತ. ಎರಡು ಸಲ ಹೇಳಿದೀನಿ. ಕಟ್ ಮಾಡೋ ಆಯಮ್ಮ ಫೋಟೋ ನೋಡಿ ಏನಂದ್ರು ಗೊತ್ತಾ, "ಅಯ್ಯೋ ಮೇಡಂ, ನಿಮ್ದು ನ್ಯಾಚುರಲ್ ವೇವಿ, ನಿಮಗಿನ್ನೂ ಈಸಿ, ತೊಳ್ದು ಕೊಡವಿದ್ರೆ ಸಾಕು ಇದೇ ಥರ ಬರುತ್ತೆ." ತೊಳ್ದು ಕೊಡವಿದ್ರೆ ಸಾಕು. ಈ ಮಾತು ನಂಗೆ ರಾತ್ರಿ ನಿದ್ದೇಲೂ ಕೇಳಿಸ್ತಿದೆ.

ಒಣಗಿದಾಗ ನನ್ನ ಕೂದಲು ಹೇಗಿರುತ್ತೆ ಅಂತ ಮುಟ್ಟಿ ಕೂಡ ನೋಡ್ಲಿಲ್ಲ. ಸೀದಾ ತೊಳೆದ್ರು, ಸಣ್ಣ ಹಲ್ಲಿನ ಬಾಚಣಿಗೇಲಿ ಬಿಗಿಯಾಗಿ ಎಳೆದು ಬಾಚಿದ್ರು, ನೀರು ತೊಟ್ಟಿಕ್ತಾ ಇರುವಾಗ್ಲೇ ಭುಜದ ಮೂಳೆ ಹತ್ರ ಒಂದೇ ಗೆರೆ ಕಟ್ ಮಾಡಿದ್ರು. ಆಮೇಲೆ "ತುಂಬ ದಪ್ಪ ಇದೆ ಮೇಡಂ, ವೆಯ್ಟ್ ತೆಗೀತೀನಿ" ಅಂತ ಹಲ್ಲು ಹಲ್ಲು ಇರೋ ಥಿನ್ನಿಂಗ್ ಕತ್ತರಿ ತಗೊಂಡು ಒಳಗಡೆಯಿಂದ, ನೆತ್ತಿ ಹತ್ರದಿಂದ ಕಚಕಚ ಅಂತ ಹಾಕ್ತಾನೇ ಇದ್ರು. ಸಾಕು ಅನ್ನಿಸ್ತು, ಆದ್ರೆ ಬಾಯಿ ಬರ್ಲಿಲ್ಲ. ಅವರಿಗೆ ಗೊತ್ತಿರುತ್ತೆ ಬಿಡು ಅನ್ಕೊಂಡೆ. ಅದೇ ತಪ್ಪು ಮಾಡಿದ್ದು.

ಒಣಗಿಸುವಾಗ್ಲೂ ಅಷ್ಟೇ, ಹಾಗೇ ಒಣಗೋಕೆ ಬಿಡ್ಲಿಲ್ಲ. ರೌಂಡ್ ಬ್ರಶ್ ಹಾಕಿ ಪೂರ್ತಿ ನೆಟ್ಟಗೆ ಮಾಡಿ, ಆ ನೆಟ್ಟಗಾದ ಕೂದಲಿಗೆ ಟಾಂಗ್ ಹಾಕಿ ಒಂದು ಎಳೆ ಆ ಕಡೆ ಒಂದು ಎಳೆ ಈ ಕಡೆ ಸುತ್ತಿ, ಬೆರಳಲ್ಲಿ ಬಿಡಿಸಿ, ಸೀರಮ್, ಸ್ಪ್ರೇ ಎಲ್ಲ ಹಾಕಿದ್ರು. ಅಲೆ ಇರೋ ಕೂದಲನ್ನ ನೆಟ್ಟಗೆ ಮಾಡಿ ಮತ್ತೆ ಅಲೆ ಯಾಕೆ ಮಾಡ್ಬೇಕು ಅಂತ ಆಗ್ಲೇ ಕೇಳ್ಬೇಕಿತ್ತು ನಾನು. ಕೇಳ್ಲಿಲ್ಲ. ಹಿಂದಿನಿಂದ ಕನ್ನಡಿ ಹಿಡಿದು ತೋರಿಸಿದಾಗ ನಿಜವಾಗ್ಲೂ ಚೆನ್ನಾಗಿತ್ತು, ಫೋಟೋ ಥರಾನೇ ಇತ್ತು, ಖುಷಿಯಲ್ಲಿ ಆಯಮ್ಮನ ಕೈ ಹಿಡ್ಕೊಂಡು ಥ್ಯಾಂಕ್ಸ್ ಹೇಳ್ದೆ. "ಒಂದು ಫೋಟೋ ತಗೋತೀನಿ ಮೇಡಂ, ಹಿಂದಿಂದ ಅಷ್ಟೇ" ಅಂದ್ರು, ತಗೊಳ್ಳಿ ಅಂದೆ.

ಮೂರನೇ ದಿನ ತಲೆ ತೊಳೆದೆ. ಅವರು ಹೇಳಿದ ಹಾಗೇ ಕೊಡವಿ ಒಣಗೋಕೆ ಬಿಟ್ಟೆ.

ಒಣಗ್ತಾ ಒಣಗ್ತಾ ಮೇಲೆ ಹೋಗ್ತಾನೇ ಇದೆ. ಭುಜದಲ್ಲಿದ್ದದ್ದು ಕತ್ತಿಗೆ ಬಂತು, ಕತ್ತಿಂದ ಗಲ್ಲದ ಹತ್ರ ಬಂತು, ಬಲಗಡೆ ಒಂದು ಮಟ್ಟ ಎಡಗಡೆ ಇನ್ನೊಂದು ಮಟ್ಟ. ಕೆಳಗಡೆ ಎರಡೂ ಕಡೆ ಅಗಲವಾಗಿ ಹರಡ್ಕೊಂಡು ತ್ರಿಕೋನ. ನೆತ್ತಿ ಹತ್ರ ಬೆರಳುದ್ದದ ಮೋಟು ಕೂದಲುಗಳು ಎದ್ದು ನಿಂತಿವೆ, ಎಷ್ಟು ಒತ್ತಿದ್ರೂ ಕೂರಲ್ಲ. ನಾನು ಬಚ್ಚಲಮನೆ ಕನ್ನಡಿ ಮುಂದೆ ನಿಂತು ಕಿವಿ ಹತ್ರದ ಒಂದು ಎಳೆ ಹಿಡಿದು ಕೆಳಗೆ ಎಳೆದೆ, ಸರಿಯಾಗಿ ಭುಜದ ಮೂಳೆಗೆ ಬಂತು, ಅವರು ಕತ್ತರಿ ಇಟ್ಟ ಅದೇ ಜಾಗ. ಕೈ ಬಿಟ್ಟೆ, ಟಪ್ ಅಂತ ಮೂರು ಬೆರಳು ಮೇಲಕ್ಕೆ ಹೋಯ್ತು. ಮತ್ತೆ ಎಳೆದೆ, ಮತ್ತೆ ಬಿಟ್ಟೆ. ಎಷ್ಟು ಸಲ ಮಾಡಿದ್ನೋ ಗೊತ್ತಿಲ್ಲ. ಆ ಹೊತ್ತಿಗೆ ಪೂರ್ತಿ ಅರ್ಥ ಆಯ್ತು, ನಾನು ಪಾರ್ಲರ್ ಕನ್ನಡೀಲಿ ನೋಡಿದ್ದು ಕಟ್ ಅಲ್ಲ, ಟಾಂಗ್. ಕಟ್ ಹೇಗಿದೆ ಅಂತ ನಂಗೆ ಒಂದು ಕ್ಷಣಾನೂ ಕಾಣದ ಹಾಗೆ ಮುಚ್ಚಿ ಕಳಿಸಿದ್ರು.

ಈಗ ಗೊತ್ತಾಗಿದೆ ಇದೆಲ್ಲ. ಒದ್ದೆ ಕೂದಲು ನೀರಿನ ಭಾರಕ್ಕೆ ಇಳಿದು ಉದ್ದ ಕಾಣುತ್ತೆ, ಎಳೆದ್ರೆ ಇನ್ನೂ ಹಿಗ್ಗುತ್ತೆ, ಒಣಗಿದಾಗ ಅಲೆ ವಾಪಸ್ ಬಂದು ಮೇಲೇರುತ್ತೆ. ಅಲೆ ಜಾಸ್ತಿ ಇದ್ದಷ್ಟೂ ಜಾಸ್ತಿ ಮೇಲೆ. ಟಾಂಗ್, ಬ್ಲೋ ಡ್ರೈ ಕೊಡೋ ಆಕಾರ ಎಲ್ಲ ಕೂದಲೊಳಗಿನ ಹೈಡ್ರೋಜನ್ ಬಂಧ ಅನ್ನೋ ಸಡಿಲ ಬಂಧದ ಮೇಲೆ ನಿಂತಿರುತ್ತಂತೆ, ನೀರು ಬಿದ್ರೆ ಬಿಚ್ಕೊಳ್ಳುತ್ತೆ. ಅಂದ್ರೆ ಮೊದಲ ಸ್ನಾನದವರೆಗೆ ಅಷ್ಟೇ ಅದರ ಆಯಸ್ಸು. ನಂಗೆ ಗೊತ್ತಿರ್ಲಿಲ್ಲ, ಒಪ್ಕೋತೀನಿ. ದಿನಾ ಇದೇ ಕೆಲಸ ಮಾಡೋರಿಗೆ ಗೊತ್ತಿರಲ್ವಾ? ನಾನು ತೋರಿಸಿದ ಫೋಟೋನ ಈಗ ದೊಡ್ಡದು ಮಾಡಿ ನೋಡಿದ್ರೆ ತುದಿ ಎಲ್ಲ ನೆಟ್ಟಗಿದೆ, ಅಲೆ ಎಲ್ಲ ಒಂದೇ ದಪ್ಪ, ಅದು ನೆಟ್ಟಗಿರೋ ಕೂದಲಿಗೆ ಟಾಂಗ್ ಹಾಕಿರೋದು. ನೋಡಿದ ತಕ್ಷಣ "ಮೇಡಂ ಇದು ನಿಮ್ಮ ಕೂದಲಿಗೆ ಹೀಗೆ ಬರಲ್ಲ" ಅಂತ ಒಂದು ಮಾತು ಹೇಳಿದ್ರೆ ಎದ್ದು ಬರ್ತಿದ್ದೆ.

ಫೋಟೋ ತೆಗೆದು ಪಾರ್ಲರ್‌ಗೆ ವಾಟ್ಸಾಪ್ ಮಾಡಿದೆ. ಬಂದ ಉತ್ತರಗಳು ಒಂದಕ್ಕಿಂತ ಒಂದು. ಮೊದಲನೇದು, "ಇಲ್ಲಿಂದ ಹೋಗುವಾಗ ಚೆನ್ನಾಗೇ ಇತ್ತಲ್ಲ ಮೇಡಂ, ಫೋಟೋ ಇದೆ ನಮ್ಮ ಹತ್ರ." ಆಮೇಲೆ "ಯಾವ ಶಾಂಪೂ ಹಾಕಿದ್ರಿ?" ಹೇಳಿದೆ. "ಅದಕ್ಕೇ ಹೀಗಾಗಿರೋದು." ಶಾಂಪೂ ಹಾಕಿದ್ರೆ ಬಲಗಡೆ ಗಿಡ್ಡ ಎಡಗಡೆ ಉದ್ದ ಆಗುತ್ತಾ ಅಂತ ಕೇಳಿದ್ರೆ ಅರ್ಧ ದಿನ ಉತ್ತರ ಇಲ್ಲ. ಸಂಜೆ ಬಂತು, "ನಿಮ್ಮ ಹೇರ್ ಟೆಕ್ಸ್ಚರ್ ಪ್ರಾಬ್ಲಂ ಮೇಡಂ, ಕಟ್ ಪ್ರಾಬ್ಲಂ ಅಲ್ಲ." ಕೂರಿಸಿದಾಗ ನ್ಯಾಚುರಲ್ ವೇವಿ, ಈಸಿ. ದುಡ್ಡು ತಗೊಂಡ ಮೇಲೆ ಅದೇ ಕೂದಲು ಪ್ರಾಬ್ಲಂ! ಕೊನೇದು ನೋಡಿ, "ಸ್ಮೂತನಿಂಗ್ ಮಾಡಿಸ್ಕೊಂಡ್ಬಿಡಿ, ನಿಮಗೆ ಕಮ್ಮಿ ಮಾಡ್ಕೊಡ್ತೀವಿ."

ಅಲೆ ಬೇಕು ಅಂತ ಹೋದವಳಿಗೆ ಅಲೇನೇ ತೆಗೆಸ್ಕೊಳ್ಳಿ ಅಂತಾರೆ. ಆ ಥರದ ಟ್ರೀಟ್‌ಮೆಂಟ್‌ಗಳಲ್ಲಿ ಕೆಲವು ಕೂದಲಿನ ಗಟ್ಟಿ ಬಂಧಗಳನ್ನೇ ಕೆಮಿಕಲ್ ಹಾಕಿ ಮುರಿಯೋದು, ಹಾಗೆ ಮಾಡಿಸಿದ ಭಾಗಕ್ಕೆ ಅಲೆ ವಾಪಸ್ ಬರಲ್ಲ, ಬುಡದಿಂದ ಹೊಸದು ಮಾತ್ರ ಅಲೆಯಾಗೇ ಬರುತ್ತೆ, ಒಂದೇ ತಲೇಲಿ ಎರಡು ಥರ. ಕೆರಾಟಿನ್ ಅಂತ ಹೇಳಿ ಹಾಕೋ ಕೆಲವದ್ರಲ್ಲಿ ಫಾರ್ಮಾಲ್ಡಿಹೈಡ್ ಅನ್ನೋ ಕೆಮಿಕಲ್ ಇರುತ್ತೆ, ಬಿಸಿ ಮಾಡಿದಾಗ ಆ ಹೊಗೆಗೆ ಕಣ್ಣು ಗಂಟಲು ಉರಿಯುತ್ತೆ. ಕೆಟ್ಟ ಕಟ್ ಮುಚ್ಚೋಕೆ ಇಂಥದ್ದಕ್ಕೆ ಮಾತ್ರ ತಲೆ ಕೊಡ್ಬೇಡಿ.

ಆಮೇಲೆ ಬೇರೆ ಒಬ್ಬರ ಹತ್ರ ಹೋದೆ. ಅವರು ತೊಳೀದೇ, ಒಣಗಿದ ಕೂದಲಲ್ಲೇ ಒಂದೊಂದು ಎಳೆ ಬಿಟ್ಟು ಬಿಟ್ಟು ನೋಡಿ ತ್ರಿಕೋನ ಕಮ್ಮಿ ಮಾಡಿ ಎರಡೂ ಕಡೆ ಸಮ ಮಾಡಿದ್ರು. ನೆತ್ತಿ ಮೇಲಿನ ಮೋಟುಗಳಿಗೆ ಮಾತ್ರ ಯಾರೂ ಏನೂ ಮಾಡೋಕಾಗಲ್ಲ ಅಂದ್ರು, ಬೆಳೀಬೇಕು. ತಿಂಗಳಿಗೆ ಹೆಚ್ಚುಕಮ್ಮಿ 1.25 ಸೆಂಟಿಮೀಟರ್. ಅವು ಭುಜಕ್ಕೆ ಬರೋಕೆ ಒಂದೂವರೆ ವರ್ಷ ಲೆಕ್ಕ ಹಾಕ್ಕೊಂಡು ಕೂತಿದೀನಿ. ಸದ್ಯಕ್ಕೆ ನೀರಿಳೀತಾ ಇರುವಾಗ್ಲೇ ಮೂಸ್ (ಕೂದಲಿಗೆ ಹಚ್ಚೋ ನೊರೆ) ಹಚ್ಚಿ, ಅಂಗೈಯಲ್ಲಿ ಕೆಳಗಿಂದ ಮೇಲಕ್ಕೆ ಹಿಸುಕಿ, ಟವೆಲ್‌ನಲ್ಲಿ ಉಜ್ಜದೆ ಹಳೇ ಕಾಟನ್ ಟೀಶರ್ಟ್‌ನಲ್ಲಿ ಒತ್ತಿ, ಡ್ರೈಯರ್‌ಗೆ ಡಿಫ್ಯೂಸರ್ (ಗಾಳಿ ಹರಡೋ ಮೂತಿ) ಹಾಕಿ ಸಣ್ಣ ಬಿಸೀಲಿ ಒಣಗಿಸ್ತೀನಿ, ಪೂರ್ತಿ ಒಣಗೋವರೆಗೂ ಕೈ ಹಾಕಲ್ಲ. ಸ್ವಲ್ಪ ಮನುಷ್ಯರ ಥರ ಕಾಣುತ್ತೆ.

ನೀವು ಹೋಗೋದಾದ್ರೆ ಒಣಗಿದ ಕೂದಲಲ್ಲೇ ಕಟ್ ಮಾಡೋರನ್ನ ಹುಡುಕಿ. ಸಿಗ್ಲಿಲ್ವಾ, ನಿಮಗೆ ಬೇಕಾದ ಜಾಗಕ್ಕಿಂತ ನಾಲ್ಕು ಬೆರಳು ಕೆಳಗೆ ನಿಲ್ಲಿಸೋಕೆ ಹೇಳಿ, ಒಣಗಿದ ಮೇಲೆ ಬೇಕಾದ್ರೆ ಇನ್ನೊಂಚೂರು ತೆಗೀಲಿ. ಥಿನ್ನಿಂಗ್ ಕತ್ತರಿ ಕೈಗೆ ತಗೊಂಡ್ರೆ ಬೇಡ ಅಂತ ಜೋರಾಗೇ ಹೇಳಿ, ನನ್ನ ಥರ ಸುಮ್ನೆ ಕೂರ್ಬೇಡಿ. ಬ್ರಶ್ಶು ಟಾಂಗು ಏನೂ ಇಲ್ಲದೆ ಬರೀ ಒಣಗಿಸಿ ತೋರಿಸೋವರೆಗೂ ಕುರ್ಚಿಯಿಂದ ಏಳ್ಬೇಡಿ, ದುಡ್ಡೂ ಕೊಡ್ಬೇಡಿ.

ಯಾಕೆ ಬರೀತಿದೀನಿ ಅಂತ ಹೇಳ್ತೀನಿ ಅಂದಿದ್ನಲ್ಲ. ನನ್ನ ಹಿಂದಿನಿಂದ ತೆಗೆದ ಆ ಫೋಟೋನ ಅವರ ಪೇಜಲ್ಲಿ ಹಾಕ್ಕೊಂಡಿದಾರೆ, ನ್ಯಾಚುರಲ್ ವೇವ್ಸ್ ಅಂತ ಬರೆದು. ತೆಗೀರಿ ಅಂತ ಕೇಳಿದ್ದಕ್ಕೆ "ಮುಖ ಕಾಣಲ್ವಲ್ಲ ಮೇಡಂ" ಅಂದ್ರು. ಅದರ ಕೆಳಗೆ ಯಾರೋ ಒಬ್ಬ ಹುಡುಗಿ ನಂಗೂ ಇದೇ ಕಟ್ ಬೇಕು, ನನ್ನದೂ ವೇವಿ ಅಂತ ಕೇಳಿದ್ಲು. ಇದು ಟಾಂಗ್ ಹಾಕಿರೋದಮ್ಮ, ತೊಳೆದ ಮೇಲೆ ಹೀಗಿರಲ್ಲ ಅಂತ ನಾನೇ ಅವಳಿಗೆ ಉತ್ತರ ಬರೆದೆ. ಹತ್ತು ನಿಮಿಷದಲ್ಲಿ ನನ್ನ ಉತ್ತರ ಅಳಿಸಿ ನನ್ನನ್ನ ಬ್ಲಾಕ್ ಮಾಡಿದ್ರು. ಅವಳು ಇದನ್ನ ಓದ್ತಾಳೋ ಇಲ್ವೋ ಗೊತ್ತಿಲ್ಲ, ಅಷ್ಟರಲ್ಲಿ ಹೋಗಿ ಆ ಕುರ್ಚೀಲಿ ಕೂತಿರದಿದ್ರೆ ಸಾಕು.